ಹುಣಸೆ ಮರದಿಂದ ಎಂಟು ಹೆಜ್ಜೆ

ನಾಲ್ಕು ವರ್ಷದ ಹಿಂದೆ, ಶಿವರಾತ್ರಿಯ ಮರುದಿನ ಬೆಳಗ್ಗೆ ಹತ್ತೂಕಾಲಿಗೆ, ಕೂಟಗಲ್ ಹತ್ತಿರದ ನಮ್ಮ ಅಕ್ಕನ ಹೊಲದಲ್ಲಿ, ಹುಣಸೆ ಮರದಿಂದ ಎಂಟು ಹೆಜ್ಜೆ ಪಡುವಣಕ್ಕೆ ನಾನು ನಿಂತಿದ್ದೆ. ಹೊತ್ತು ಹೇಳುವುದಕ್ಕೆ ಆಧಾರವಿದೆ: ರಾಮನಗರದ ಬಸ್ಸು ಆಗಷ್ಟೇ ತಿರುವಿನಲ್ಲಿ ಹಾರನ್ ಹೊಡೆದು ಹೋಗಿತ್ತು. ಹೆಜ್ಜೆಗಳನ್ನು ಆಮೇಲೆ ಒಬ್ಬನೇ ಹೋಗಿ ಎಣಿಸಿ ಬಂದೆ.

ಮರದ ಮೇಲೆ ಭಾವ ಇದ್ದರು. ಕೆಳಗೆ ಹಾಸಿದ್ದ ಟಾರ್ಪಾಲಿನ ಮೇಲೆ ಅಕ್ಕ ಮತ್ತು ಪಕ್ಕದ ಹೊಲದ ಅಜ್ಜಿ ಹಣ್ಣು ಆರಿಸುತ್ತಿದ್ದರು. ನಮ್ಮ ಕಡೆ ಹುಣಸೆ ಉದುರಿಸುವವರು ಒಂದು ಕೊಂಬೆಯ ಮೇಲೆ ನಿಂತು, ಮೇಲಿನದನ್ನು ಹಿಡಿದು, ಕಾಲಿನಿಂದ ಜಗ್ಗುತ್ತಾರೆ. ಹಗ್ಗ ಕಟ್ಟಿಕೊಂಡವರನ್ನು ಆವರೆಗೆ ನಾನು ಕಂಡಿರಲಿಲ್ಲ. ತುದಿಗೆ ಹೋಗಬೇಡಿ ಎಂದು ಅಕ್ಕ ಕೂಗಿದಳು.

"ಹಣ್ಣಿರೋದೇ ತುದೀಲಿ ಕಣೆ. ಬುಡದಲ್ಲಿ ನಿಮ್ಮಪ್ಪ ತಂದು ಇಟ್ಟವ್ನಾ?" ಎಂದು ಭಾವ ನಕ್ಕರು.

ಅವರು ಹಿಡಿದಿದ್ದ ಕೊಂಬೆ ಒಣಗಿತ್ತು. ಮುರಿದ ಸದ್ದು ಕೇಳಿದೆ. ಬಿದ್ದುದನ್ನು ಪೂರ್ತಿ ನೋಡಲಿಲ್ಲ. ಬೆನ್ನು ಮೊದಲು ನೆಲಕ್ಕೆ ತಾಗಿದ್ದನ್ನು ಮಾತ್ರ ನೋಡಿದೆ. ಅದು ಉತ್ತ ಮಣ್ಣಲ್ಲ, ಗಟ್ಟಿ ಬದು. ಭಾವನ ಕಣ್ಣು ತೆರೆದೇ ಇತ್ತು.

ನಮ್ಮೂರಲ್ಲಿ ಬಿದ್ದವರನ್ನು ಹಾಗೇ ಬಿಡುವುದಿಲ್ಲ. ನೆಲದ ಮೇಲೆ ಉದ್ದಕ್ಕೆ ಮಲಗಿಸುವುದು ಸತ್ತವರನ್ನು. ಜೀವ ಇದ್ದವರನ್ನು ಎತ್ತಿ ಕೂರಿಸಿ, ಮುಖಕ್ಕೆ ನೀರು ಚಿಮುಕಿಸಿ, ಒಂದು ಗುಟುಕು ಕುಡಿಸಬೇಕು. "ಕೂರ್ಸಪ್ಪ, ಮೊದ್ಲು ಕೂರ್ಸು" ಎಂದರು ಅಜ್ಜಿ. ನಾನು ಓಡಿಹೋಗಿ ಭಾವನ ಕಂಕುಳಿಗೆ ಕೈ ಹಾಕಿದೆ. ಆಗ ಅವರ ಎಡಗಾಲಿನ ಹೆಬ್ಬೆರಳು ಅಲುಗಿತು. ಅಲುಗಿದ್ದನ್ನು ಕಂಡೆ, ಅಥವಾ ಕಂಡೆ ಎಂದುಕೊಂಡಿದ್ದೇನೆ. ಎತ್ತಿ ಕೂರಿಸಿದೆ. ಆಮೇಲೆ ಆ ಕಾಲುಗಳು ಅಲುಗಲಿಲ್ಲ. ಆಟೋದಲ್ಲಿ ಕೂರಿಸಿಕೊಂಡೇ ರಾಮನಗರಕ್ಕೆ ಹೋದೆವು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು.

ಬೆನ್ನುಹುರಿಗೆ ಪೆಟ್ಟಾದವರ ಆ ವಾರ್ಡಿನಲ್ಲಿ ಐದು ವಾರ ಭಾವನ ಜೊತೆಗಿದ್ದೆ. ಗಾಡಿ ಅಪಘಾತದವರೇ ತುಂಬಿರುತ್ತಾರೆ ಎಂದುಕೊಂಡಿದ್ದೆ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರೂ ಇದ್ದರು. ಆದರೆ ತೆಂಗಿನ ಮರದಿಂದ ಬಿದ್ದವರು, ಕಟ್ಟುತ್ತಿದ್ದ ಮನೆಯಿಂದ, ತಡೆಗೋಡೆ ಇಲ್ಲದ ತಾರಸಿಯಿಂದ ಬಿದ್ದವರು ಅವರಿಗಿಂತೇನೂ ಕಡಿಮೆ ಇರಲಿಲ್ಲ. ಕನಕಪುರದ ಕಡೆಯ ಒಬ್ಬರು ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬರುವಾಗ ಜಾರಿ ಕತ್ತು ಮುರಿದುಕೊಂಡಿದ್ದರು. ಬಿದ್ದದ್ದು ತನ್ನಷ್ಟೇ ಎತ್ತರದಿಂದ. ಬಹುಪಾಲು ಎಲ್ಲರೂ ದುಡಿಯುವ ವಯಸ್ಸಿನ ಗಂಡಸರು. ವ್ಯಾಯಾಮ ಮಾಡಿಸುವಾತ ಹೇಳಿದ್ದು, ಹಳ್ಳಿಯವರು ಬಿದ್ದು ಬರುತ್ತಾರೆ, ಪೇಟೆಯವರು ಗುದ್ದಿಸಿಕೊಂಡು ಬರುತ್ತಾರೆ ಎಂದು. ಇನ್ನೊಂದು ಮಾತನ್ನೂ ಹೇಳಿದ: ಬಿದ್ದವರನ್ನು ಬಗ್ಗಿಸದೆ ಹಲಗೆಯ ಮೇಲೆ ಮಲಗಿಸಿ ತರಬೇಕು, ಎತ್ತಿ ಕೂರಿಸಿದರೆ ಉಳಿದಿದ್ದ ಹುರಿಯೂ ಹೋಗಬಹುದು.

ಬಿದ್ದ ತಕ್ಷಣ ಕಾಲು ಅಲುಗಿತ್ತೇ ಎಂದು ಡಾಕ್ಟರು ಮೊದಲ ದಿನವೇ ಕೇಳಿದ್ದರು. ನೋಡಲಿಲ್ಲ ಎಂದಿದ್ದೆ.

ಭಾವ ಈಗ ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ಚನ್ನಪಟ್ಟಣದ ಗೆಳೆಯರೊಬ್ಬರು ಬೊಂಬೆಗೆ ಮರ ಕಡೆಯುವ ಕರೆಂಟಿನ ಯಂತ್ರವನ್ನು ಅವರ ಎತ್ತರಕ್ಕೆ ಇಳಿಸಿ ಕೂರಿಸಿಕೊಟ್ಟಿದ್ದಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಬಣ್ಣ ಹಿಡಿಯುತ್ತದೆ. ಬುಗುರಿ, ಮಕ್ಕಳು ಆಡಿಸುವ ಗಿಲಕಿ ಮಾಡುತ್ತಾರೆ. ಕೂತು ಕೂತು ಬೆನ್ನ ಕೆಳಗೆ ಹುಣ್ಣಾಗಿದೆಯೇ ಎಂದು ಅಕ್ಕ ದಿನಾ ಬೆಳಗ್ಗೆ ನೋಡುತ್ತಾಳೆ, ಇಬ್ಬರೂ ಜಗಳವಾಡುತ್ತಾರೆ, ಕಾಫಿ ಕುಡಿಯುತ್ತಾರೆ. ಆ ಮನೆಗೆ ಹೋದರೆ ನನಗೆ ಹೊರಡಲು ಮನಸ್ಸಾಗುವುದಿಲ್ಲ. ಆದರೆ ಕೂತಷ್ಟು ಹೊತ್ತೂ ಆ ಬೆರಳು ನೆನಪಾಗುತ್ತಿತ್ತು.

ಹೋದ ತಿಂಗಳು ಹೇಳಿಬಿಟ್ಟೆ. ಬೆರಳು ಅಲುಗಿದ್ದು, ನಾನು ಎತ್ತಿದ್ದು, ಡಾಕ್ಟರಿಗೆ ಸುಳ್ಳು ಹೇಳಿದ್ದು, ಎಲ್ಲವನ್ನೂ. ಭಾವ ಯಂತ್ರ ನಿಲ್ಲಿಸಿದರು. ಕೈಯಲ್ಲಿದ್ದ ಬುಗುರಿಯನ್ನು ಪಂಚೆಯ ಅಂಚಿನಿಂದ ಉಜ್ಜಿದರು.

"ಬಿದ್ದೇಟ್ಗೇ ಸೊಂಟದಿಂದ ಕೆಳಗೆ ನಂಗೆ ಏನೂ ಗೊತ್ತಾಗ್ಲಿಲ್ಲ ಕಣ್ಲಾ. ನೀನು ಮುಟ್ಟೋಕ್ ಮುಂಚೇನೇ ಹೋಗ್ಬುಟ್ಟಿತ್ತು."

ಬುಗುರಿಯನ್ನು ನನ್ನ ಕೈಗಿಟ್ಟರು.

"ನಾಕು ವರ್ಷ ಇದ್ನ ಹೊತ್ಕೊಂಡು ತಿರುಗ್ದಾ? ಹುಣ್ಸೆ ಮೂಟೆ ಹೊರು ಅಂದ್ರೆ ಮಾತ್ರ ನಿಂಗೆ ಸೊಂಟ ನೋವು."

ನಕ್ಕೆವು. ನಕ್ಕಿದ್ದು ನಿಜವಾಗಿಯೇ. ಅವರು ಹೇಳಿದ್ದು ಕಂಡ ಸತ್ಯವೋ, ನನಗಾಗಿ ಹೇಳಿದ್ದೋ, ನಾನು ತೀರ್ಮಾನಿಸಲಾರೆ. ಈ ವರ್ಷ ಹಣ್ಣು ಉದುರಿಸುವಾಗ ಭಾವ ಮರದ ಕೆಳಗೆ ಕುರ್ಚಿ ನಿಲ್ಲಿಸಿಕೊಂಡು, ಹತ್ತುವವನಿಗೆ ಹಗ್ಗ ಕಟ್ಟಿಸಿದರು. ಯಾರಾದರೂ ಬಿದ್ದರೆ ಮಲಗಿಸಿ ಒಯ್ಯುವ ಹಲಗೆಗೆಂದು ಪಂಪ್‌ಮನೆಯ ಬಾಗಿಲನ್ನು ಕಳಚಿಸಿ ಮರಕ್ಕೆ ಒರಗಿಸಿಟ್ಟಿದ್ದರು. ಯಾರೂ ಬೀಳಲಿಲ್ಲ.

ಅಂದು ನನ್ನ ಹೊರತು ಕಂಡವರು ಮೂವರು, ಮೂವರೂ ಇದ್ದಾರೆ. ಅಜ್ಜಿ ಈಗ ಸಾತನೂರಿನ ಮಗಳ ಮನೆಯಲ್ಲಿದ್ದಾರೆ. ಬೆರಳು ಅಲುಗಿತ್ತು ಎನ್ನುತ್ತಾರೆ, ಆದರೆ ಯಾವ ಕಾಲು ಎಂದು ಹೇಳಲಾರರು. ಅಕ್ಕ ಮುಖವನ್ನು ಮಾತ್ರ ನೋಡಿದೆ ಎನ್ನುತ್ತಾಳೆ. ಮೂರನೆಯವರು ಭಾವ.