ಸಂಘದ ಕಾವಲಿಗೆ ನಿಂತ ಗುರುಶಿದ್ದಪ್ಪ ವಕೀಲರು
ಗೋಕಾಕದ ವಕೀಲರ ಸಂಘಕ್ಕೆ ಹದಿನೆಂಟು ವರ್ಷದಿಂದ ಕಾರ್ಯದರ್ಶಿಯಾಗಿರುವ ಗುರುಶಿದ್ದಪ್ಪನವರ ಲೆಕ್ಕದಲ್ಲಿ ಜಗತ್ತಿನಲ್ಲಿರುವುದು ಎರಡೇ ಜಾತಿ: ವಕೀಲರು, ವಕೀಲರನ್ನು ಕಾಡುವವರು. ಸದಸ್ಯನೊಬ್ಬನ ಕರಿ ಕೋಟಿನ ಮೇಲೆ ನೊಣ ಕೂತರೂ ಅದು ಸಂಘದ ಮೇಲಿನ ದಾಳಿ. ಕೊಡೆ ಎತ್ತಿಕೊಂಡು ಹೊರಟೇಬಿಡುತ್ತಾರೆ. ಮೊದಲಿನ ವಕೀಲನ ಒಪ್ಪಿಗೆಯ ಸಹಿಯಿಲ್ಲದೆ ಅವನ ಕಕ್ಷಿದಾರರನ್ನು ಇನ್ನೊಬ್ಬ ಮುಟ್ಟಬಾರದೆಂಬ ನಿಯಮ ಬರೆದವರೂ ಅವರೇ. ಆ ನಿಯಮಕ್ಕೆ ಕುಲಗೋಡದ ಉದ್ದವ್ವ ಸಿಕ್ಕಿಬಿದ್ದಳು. ಅವಳ ವಕೀಲ ಹೊಲದ ದಾವೆಯ ಮೂರು ತಾರೀಖು ಹುಕ್ಕೇರಿಯ ಮದುವೆ ಊಟಗಳಲ್ಲೇ ಕಳೆದಿದ್ದ. ಇವತ್ತೂ ಅವಳ ಪರ ಯಾರೂ ನಿಲ್ಲದಿದ್ದರೆ ಹೊಲ ದಾಯಾದಿಗಳ ಪಾಲು. ಬೇರೆ ಯಾವ ವಕೀಲನೂ ಒಪ್ಪದೆ, ಅವಳು ಕೋರ್ಟಿನ ಕಟ್ಟೆಯ ಬಳಿ ಗುರುಶಿದ್ದಪ್ಪನವರನ್ನೇ ತಡೆದು ಕೇಳಿದಾಗ ಅವರೆಂದರು: “ಮೊದಲ ಸಹಿ ತಗೊಂಡ ಬಾರವ್ವಾ.” “ಸಹಿ ಮಾಡೋ ಮನಶ್ಯಾನ ಇಲ್ಲಲ್ರಿ ಯಪ್ಪಾ! ನಿಮ್ಮನ್ನ ಸಂಘ ಕಾಯತೈತಿ, ನನ್ನ ಹೊಲಾ ಯಾರ ಕಾಯಬೇಕ್ರಿ?” ಗುರುಶಿದ್ದಪ್ಪನವರು ಕೊಡೆಯನ್ನು ಅಲ್ಲೇ ಬಿಟ್ಟು ಕೋರ್ಟಿನೊಳಗೆ ಹೋಗಿ ಮುನಸೀಫರ ಮುಂದೆ ನಿಂತರು: “ಸಾಹೇಬರ, ನಮ್ಮವ ಬಂದಿಲ್ರಿ. ತಪ್ಪು ಸಂಘದ್ದೈತಿ. ಈಕಿ ಪರವಾಗಿ ನಾ ನಿಂತೇನ್ರಿ.” ಮುನಸೀಫರು ಹೊಸ ತಾರೀಖು ಕೊಟ್ಟರು. ಉದ್ದವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬೆಳಗಿನಿಂದ ಮುಟ್ಟದ ಬುತ್ತಿ ಬಿಚ್ಚಿದಳು. ಸಂಘದ ಕೋಣೆಯಲ್ಲಿ ಗುರುಶಿದ್ದಪ್ಪನವರು ಎರಡು ನೋಟೀಸು ಬರೆದರು: ಒಂದು ಗೈರಾದ ವಕೀಲನಿಗೆ, ಇನ್ನೊಂದು ನಿಯಮ ಮುರಿದ ತಮಗೇ.