ಕೊರಳಪಟ್ಟಿ ಮೂಡದ ಗಿಳಿ

ಮುಖದ ತುಂಬ ನೊರೆ ಮೆತ್ತಿಸಿಕೊಂಡು ಕೂತಿದ್ದ ಗಿರಾಕಿಯ ಎದುರೇ ಭಾವ ತನ್ನನ್ನು ಬುರುಡೆದಾಸ ಎಂದನಲ್ಲ, ಅದನ್ನು ಗಿಳಿಯಂಗಡಿಯವನು ಇವತ್ತಿಗೂ ಮರೆತಿಲ್ಲ.

ಭಾವನೆಂದರೆ ಅಕ್ಕನ ಗಂಡ. ಎದುರು ಸಾಲಿನಲ್ಲೇ ಅವನ ಕ್ಷೌರದಂಗಡಿ. ಬಂದವರ ಜೊತೆ ಮಾತಾಡಲು ಒಂದು ಗಂಡು ಗಿಳಿ ಬೇಕೆಂದಿದ್ದ. ಗಂಡಿನ ಕೊರಳಿಗೆ ಪಟ್ಟಿ ಮೂಡುವುದು ಮೂರನೇ ವರ್ಷಕ್ಕೆ. ಅಲ್ಲಿಯವರೆಗೆ ಗಂಡೂ ಹೆಣ್ಣೂ ಒಂದೇ ಹಸಿರು. ಗಿಳಿಯಂಗಡಿಯವನು ಮಾತ್ರ ಗಿಳಿಯನ್ನು ಅಂಗಾತ ಹಿಡಿದು, ಬಾಲದ ಬುಡದ ಎರಡು ಎಲುಬುಗಳ ನಡುವೆ ಬೆರಳಾಡಿಸಿ ಹೇಳಿಬಿಡುತ್ತಿದ್ದ: ಸಂದು ಅಗಲವಿದ್ದರೆ ಹೆಣ್ಣು, ಕೂಡಿಕೊಂಡಿದ್ದರೆ ಗಂಡು. ಅಪ್ಪ ಕಲಿಸಿದ ವಿದ್ಯೆ. ಓದು ತಲೆಗೆ ಹತ್ತದ ಅವನಿಗೆ ಬೀದಿಯಲ್ಲಿದ್ದ ಮರ್ಯಾದೆಯೆಲ್ಲ ಆ ಬೆರಳಿನದೇ.

“ಗಂಡೇ, ಭಾವ. ಕಣ್ಮುಚ್ಕೊಂಡು ಇಟ್ಕೊಳ್ಳಿ” ಎಂದು ಮರಿಯನ್ನು ತಂದುಕೊಟ್ಟ.

“ಇನ್ನೂ ಪುಕ್ಕ ಬಲಿತಿಲ್ಲ, ಈಗ್ಲೇ ಹೆಂಗೋ ಗೊತ್ತಾಯ್ತು, ಬುರುಡೆದಾಸ?”

ಗಿರಾಕಿ ನಕ್ಕ ರಭಸಕ್ಕೆ ನೊರೆ ಹಾರಿತು. ಇವನ ಕೋಪ ನೆತ್ತಿಗೇರಿತು. “ಪಟ್ಟಿ ಮೂಡ್ದೇ ಇದ್ರೆ ಇದೇ ಕುರ್ಚೀಲಿ ಕೂತು ಮೀಸೆ ಬೋಳಿಸ್ಕೋತೀನಿ. ನೀವೇ ಬೋಳಿಸಿ!”

ಅಂದಿನಿಂದ ಭಾವನ ಜೊತೆ ಮಾತು ಬಿಟ್ಟ. ಆದರೆ ದಿನಾ ಬೆಳಿಗ್ಗೆ ಬಾಗಿಲು ತೆರೆಯುವಾಗ ಕಳ್ಳಗಣ್ಣಿನಲ್ಲಿ ಎದುರಿನ ಪಂಜರ ನೋಡುತ್ತಿದ್ದ. ಮೂರು ವರ್ಷವಾಯಿತು. ಕೊರಳು ಬರಿದೇ ಇತ್ತು.

ಒಂದು ದಿನ ಭಾವನೇ ಇತ್ತ ಬಂದ, ಕರ್ಚೀಫಿನಲ್ಲಿ ಏನೋ ಸುತ್ತಿಕೊಂಡು. ಒಬ್ಬಾಕೆ ಗಿಳಿಮರಿ ಆರಿಸುತ್ತಿದ್ದಳು. “ಏನಪ್ಪಾ, ಇವರು ಗಂಡು ಹೆಣ್ಣು ಕರೆಕ್ಟಾಗಿ ಹೇಳ್ತಾರಾ?” ಎಂದು ಭಾವನನ್ನೇ ಕೇಳಿದಳು.

ಇವನು ಪಂಜರದ ಬಾಗಿಲು ಹಾಕಿ ಭಾವನ ಬಾಯನ್ನೇ ನೋಡಿದ.

ಭಾವ ಕರ್ಚೀಫನ್ನು ಮೆಲ್ಲಗೆ ಜೇಬಿಗಿಳಿಸಿದ. “ಬಲಿತ ಗಿಳಿ ಆದ್ರೆ ನಮ್ಮ ಬಾಮೈದನ ಬೆರಳು ಸುಳ್ಳಾಡಲ್ಲಮ್ಮ. ಮರೀದು ಮಾತ್ರ ಕೇಳ್ಬೇಡಿ. ಅದು ಇವರಪ್ಪಂಗೂ ಗೊತ್ತಾಗ್ತಿರ್ಲಿಲ್ಲ.”

ನಿಜ. ಮರಿಯ ಎಲುಬು ಗಂಡಾದರೂ ಹೆಣ್ಣಾದರೂ ಕೂಡಿಕೊಂಡೇ ಇರುತ್ತದೆ, ಮುಟ್ಟಿ ಹೇಳಬೇಡ ಎಂದು ಅಪ್ಪ ಹೇಳಿದ್ದ. ಜಂಬದಲ್ಲಿ ಇವನು ಮರೆತಿದ್ದ.

ಆಕೆ ಹೋದ ಮೇಲೆ ಭಾವ ಕರ್ಚೀಫು ಬಿಚ್ಚಿದ. ಒಳಗೆ ಬಿಳೀ ಮೊಟ್ಟೆ.

ಇವನು ಸೀದಾ ಹೋಗಿ ಕ್ಷೌರದ ಕುರ್ಚಿಯಲ್ಲಿ ಕೂತ. “ತೆಗೀರಿ ಮೀಸೆ.”

“ಎದ್ದೋಗೋ. ಕತ್ತಿ ಮೊಂಡಾಗಿದೆ.”

ಆಮೇಲೆ ಎಷ್ಟು ಸಲ ಕೂತರೂ ಅದೇ ಮಾತು. ಕಡೆಗೆ ಭಾವನ ಕೈ ನಡುಗತೊಡಗಿ ಅಂಗಡಿ ಮುಚ್ಚಿತು. ಗಿಳಿ ಈಗ ಇವನ ಬಳಿಯೇ ಇದೆ. ಮೀಸೆಯೂ ಹಾಗೇ ಇದೆ, ಪೂರ್ತಿ ನರೆತು.