ನಾನು ಅಳಿಸಿದ ಮೂರು ಸಾಲು

ಆಗೆಲ್ಲ ಮುಂಬಯಿ ಪಕ್ಕದ ಕಳವಾ ಊರಿನ ನಮ್ಮ ಚಾಳಿನಲ್ಲಿ ಮನೆಗೊಂದೇ ಫೋನು. ನಮ್ಮಲ್ಲಿದ್ದದ್ದು ಅಪ್ಪನದು, ಗಾಜು ಒಡೆದದ್ದು. ಅಪ್ಪ ಠಾಣೆ ಪಟ್ಟಣದ ಹೋಟೆಲಿನಿಂದ ಮಧ್ಯಾಹ್ನದ ಬಿಡುವಿಗೆ ಬಂದು, ಗಂಜಿ ಉಂಡು ಚಾಪೆಯ ಮೇಲೆ ಮೈಚಾಚಿದರೆ ಐದು ಗಂಟೆಯವರೆಗೆ ಅದು ನನ್ನದು ಮತ್ತು ತಮ್ಮ ಹರೀಶನದು. ಕೈಗೆತ್ತಿಕೊಂಡರೆ ಸಾಂಬಾರಿನ ವಾಸನೆ.

ಅಮ್ಮ ನಾಲ್ಕು ಮನೆಗಳ ಅಡುಗೆಗೆ ಹೋಗುತ್ತಿದ್ದುದರಿಂದ ನಾನು ಏಳನೆಯದಕ್ಕೇ ಶಾಲೆ ಬಿಟ್ಟು ಮನೆ ನೋಡಿಕೊಳ್ಳುತ್ತಿದ್ದೆ. ಹರೀಶ ಮಾತ್ರ ಖಾಡಿಯ ಹಿನ್ನೀರಿನಾಚೆಯ ಕನ್ನಡ ಶಾಲೆಗೆ ಹೋಗುತ್ತಿದ್ದ. ಅವನಿಗೆ ಹನ್ನೆರಡು, ನನಗೆ ಹದಿನೈದು.

ಆ ಮಳೆಗಾಲ ಅವನ ಕನ್ನಡ ಟೀಚರ್ ಹೊಸದೊಂದು ಶುರುಮಾಡಿದರು. ಪಾಠವನ್ನು ಇಂಟರ್ನೆಟ್ಟಿನ ಒಂದು ಪುಟದಲ್ಲಿ ಹಾಕುವುದು. ಮಕ್ಕಳು ತಮಗೆ ಹಿಡಿಸಿದ ಸಾಲಿಗೆ ಬಣ್ಣ ಹಚ್ಚಿ ಪಕ್ಕದಲ್ಲಿ ತಮ್ಮ ಮಾತು ಬರೆಯುವುದು. ಒಬ್ಬರು ಬರೆದದ್ದು ಹೆಸರಿನ ಸಮೇತ ಎಲ್ಲರಿಗೂ ಕಾಣುತ್ತಿತ್ತು. ಅದರ ಕೆಳಗೆ ಇನ್ನೊಬ್ಬರ ಉತ್ತರ, ಮತ್ತೊಬ್ಬರ ತಕರಾರು. ನಾವಿಬ್ಬರೂ ತಲೆಗೆ ತಲೆ ತಾಗಿಸಿ, ಚುರುಮುರಿ ಮೆಲ್ಲುತ್ತ ಓದುತ್ತಿದ್ದೆವು.

"ಅರೇ ಅಕ್ಕಾ, ಎಣ್ಣೆ ಕೈಯಲ್ಲಿ ಮುಟ್ಬೇಡ ನಾ! ಹ್ಯಾಂಗ್ ಆಗ್ತದೆ."

"ಆಗ್ಲಿ ಮಾರಾಯ. ಎಂತ, ನಿನ್ನ ಟೀಚರ್ ಬಂದು ನಂಗೆ ಬಡೀತಾರಾ?"

"ಬಡಿಯೂದಿಲ್ಲ. ನಿನ್ನನ್ನೂ ಕ್ಲಾಸಿಗೆ ಕೂರಿಸ್ತಾರೆ!"

ನಗುತ್ತಿದ್ದೆ. ಆದರೆ ಕೂರಿಸಿದ್ದರೆ ಹೋಗುತ್ತಿದ್ದೆ.

ಒಂದು ದಿನ ಬಾವಿಯ ಮೇಲಿನ ಪಾಠ ಬಂತು. ಹರೀಶ ಏನೋ ಬರೆದು ಲಗೋರಿಗೆ ಓಡಿದ. ಫೋನು ಎತ್ತಿ ನೋಡಿದೆ.

"ನಮ್ಮಲ್ಲಿ ಬಾವಿ ಇಲ್ಲ. ನೀರು ಬರುವ ಮೊದಲು ನಳ ಕೆಮ್ಮುತ್ತದೆ. ಅದನ್ನು ಕೇಳಿ ನಮ್ಮ ಅಕ್ಕ ಬಾಲ್ದಿ ಹಿಡಿದು ಓಡುತ್ತಾಳೆ."

ಮುಖ ಬಿಸಿಯಾಯಿತು. ಸಾರ್ವಜನಿಕ ನಳ, ನಾನು, ನನ್ನ ಬಾಲ್ದಿ, ಎಲ್ಲವನ್ನೂ ಇಡೀ ತರಗತಿ ಓದುತ್ತದೆ! ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ನನಗೂ ಬರೆಯುವ ಆಸೆಯಿತ್ತು. ಆರು ವರ್ಷದವರೆಗೆ ನಾನು ಉಡುಪಿ ಕಡೆಯ ಅಜ್ಜಿಮನೆಯಲ್ಲಿ ಬೆಳೆದವಳು, ಬಾವಿ ಕಂಡವಳು. ಹರೀಶ ಕಳವಾ ಚಾಳಿನಲ್ಲೇ ಹುಟ್ಟಿದವನು. ಅವನ ಸಾಲುಗಳನ್ನು ಅಳಿಸಿ, ರಾಟೆಯ ಕಿರುಗುಟ್ಟುವಿಕೆ, ಕೊಡಪಾನದ ತಂಪು, ಕಟ್ಟೆಯ ಪಾಚಿ ಎಲ್ಲವನ್ನೂ ಬರೆದೆ. ಹೆಸರು ಹರೀಶನದೇ ಬಿತ್ತು.

ಸಂಜೆಯೊಳಗೆ ಟೀಚರ್ ಕೆಳಗೆ ಬರೆದಿದ್ದರು: "ತುಂಬಾ ಚಂದ! ನಾಳೆ ತರಗತಿಯಲ್ಲಿ ನೀನೇ ಎಲ್ಲರಿಗೂ ಹೇಳಬೇಕು."

'ತುಂಬಾ ಚಂದ' ಎಂಬ ಎರಡು ಪದಗಳನ್ನು ನಾನು ಎಷ್ಟು ಸಲ ಓದಿದೆನೋ. ಆ ಸಂಭ್ರಮದಲ್ಲಿ ಹರೀಶನಿಗೆ ಹೇಳುವುದನ್ನು ಆಮೇಲೆ ಆಮೇಲೆ ಎಂದು ಬಿಟ್ಟೆ. ಬೆಳಿಗ್ಗೆ ಅವನು ಏನೂ ಗೊತ್ತಿಲ್ಲದೆ ಶಾಲೆಗೆ ಹೋದ.

ಮಧ್ಯಾಹ್ನ ಬಂದವನು ಚೀಲ ಇಳಿಸಲಿಲ್ಲ.

"ರಾಟೆ ಅಂದ್ರೆ ಎಂತ ಅಕ್ಕಾ?"

ನಾನು ಪಾತ್ರೆ ತಿಕ್ಕುತ್ತಲೇ ಇದ್ದೆ.

"ಟೀಚರ್ ಕೇಳಿದ್ರು. ನಂಗೆ ಗೊತ್ತಿಲ್ಲ. ಎಲ್ಲ ನಕ್ಕರು, ಕಾಪಿ ಹೊಡ್ದ ಅಂತ. ನಂದು ಯಾಕೆ ಅಳಿಸಿದಿ? ಅಷ್ಟು ಬೇಕಾರ್ ಇತ್ತಾ?"

"ಇಲ್ಲ, ಅದು..." ಎಂದೆ. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದೆ.

ಅವನು ನನ್ನ ಹೆಸರು ಹೇಳಿರಲಿಲ್ಲ. ಕಾಪಿ ಹೊಡೆದೆ ಎಂದೇ ಒಪ್ಪಿಕೊಂಡು ಬಂದಿದ್ದ. ನಾನು ಒಂದು ದಿನ ಖಾಡಿ ದಾಟಿ ಹೋಗಿ ಟೀಚರಿಗೆ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಒಂದು ಸ್ಟೇಷನ್ನಿನ ದಾರಿ. ಹೋಗಲಿಲ್ಲ. ಆಮೇಲೆ ಅವನು ಆ ಪುಟದಲ್ಲಿ "ಪಾಠ ಚೆನ್ನಾಗಿದೆ" ಎಂಬುದನ್ನು ಬಿಟ್ಟು ಬೇರೇನೂ ಬರೆಯಲಿಲ್ಲ. ಮಧ್ಯಾಹ್ನ ಫೋನು ನನ್ನ ಕೈಗೆ ಕೊಟ್ಟು ಹೊರಗೆ ಹೋಗುತ್ತಿದ್ದ.

ಈಗ ಅವನು ಅದೇ ರೈಲುದಾರಿಯಲ್ಲಿ ಇನ್ನೂ ಮುಂದಿರುವ ಟಿಟ್ವಾಳಾದಲ್ಲಿದ್ದಾನೆ. ಇಬ್ಬರ ಕೈಯಲ್ಲೂ ಬೇರೆ ಬೇರೆ ಫೋನು, ಗಾಜು ಒಡೆಯದವು. ನಾನು ಎಷ್ಟೇ ಬರೆದರೂ ಅವನಿಂದ ಬರುವುದು ಹೆಬ್ಬೆರಳಿನ ಚಿತ್ರ. ತಲೆಗೆ ತಾಗುತ್ತಿದ್ದ ಆ ತಲೆ, ಚುರುಮುರಿಗಾಗಿ ಜಗಳಾಡುತ್ತಿದ್ದ ಆ ಕೈ ಎಲ್ಲಿ ಹುಡುಕಲಿ? ಟೀಚರ ಪುಟವೂ ಈಗ ತೆರೆಯುವುದಿಲ್ಲ.

ಮೊನ್ನೆ ಧೈರ್ಯ ಮಾಡಿ ಬರೆದೆ: "ಅವತ್ತು ನಿನ್ನದನ್ನು ಅಳಿಸಿದ್ದು ನನ್ನ ತಪ್ಪು." ಅವನು ಕೇಳಿದ: "ಎಂತ ಬರೆದಿದ್ದೆ ನಾನು? ನೆನಪೇ ಇಲ್ಲ." ನಳ, ಕೆಮ್ಮು, ಬಾಲ್ದಿ, ಮೂರೂ ಸಾಲುಗಳನ್ನು ಹಾಗೆಯೇ ಬರೆದು ಕಳಿಸಿದೆ.

ಉತ್ತರ ಬಂತು: "ನಾನಾ ಬರೆದದ್ದು? ಲಾಯ್ಕ್ ಉಂಟಲ್ಲ ಅಕ್ಕಾ."

ಅವತ್ತು ಟೀಚರ್ ಅವನಿಗೆ ಹೇಳಬೇಕಾಗಿದ್ದ ಮಾತು ಅದು.